ಮೆಡಲ್, ಸ್ಟೇಬಲ್‌ಫೋರ್ಡ್, ಮ್ಯಾಚ್ ಪ್ಲೇ: ಯಾವ ಆಟ ನಿಮ್ಮ ಹ್ಯಾಂಡಿಕ್ಯಾಪನ್ನು ಹೇಗೆ ಮುಟ್ಟುತ್ತದೆ?

ಭಾನುವಾರದ ಗಾಲ್ಫ್ ಆಟ ಮುಗಿದ ಮೇಲೆ ಬೆಂಗಳೂರಿನ ಯಾವುದೇ ಕ್ಲಬ್‌ಹೌಸಿನಲ್ಲಿ ಕಿವಿಗೊಟ್ಟು ಕೂತರೆ ಎರಡು ಮಾತು ಕೇಳಿಸುತ್ತವೆ. "ಏಳನೇ ಹೋಲ್‌ನಲ್ಲಿ ಹತ್ತು ಹೊಡೆದೆ ಗುರೂ, ನನ್ನ ಹ್ಯಾಂಡಿಕ್ಯಾಪ್ ಎದ್ದುಹೋಯ್ತು." "ಇವತ್ತು ಸ್ಟೇಬಲ್‌ಫೋರ್ಡ್ ಅಲ್ವಾ ಸಾರ್, ಪಿಕಪ್ ಮಾಡಿದ್ದು ಲೆಕ್ಕಕ್ಕೇ ಬರಲ್ಲ." ಇಬ್ಬರ ಮಾತೂ ತಪ್ಪು.

ಫಾರ್ಮ್ಯಾಟ್, ಅಂದರೆ ಅಂದಿನ ಆಟದ ಬಗೆ, ತೀರ್ಮಾನಿಸುವುದು ಕಪ್ ಯಾರಿಗೆ ಎಂಬುದನ್ನು. ಹ್ಯಾಂಡಿಕ್ಯಾಪ್ ಎಂದರೆ ಎಲ್ಲ ಮಟ್ಟದವರೂ ಸಮನಾಗಿ ಸೆಣಸಲೆಂದು ಆಟಗಾರನಿಗೆ ಸಿಗುವ ಹೊಡೆತಗಳ ರಿಯಾಯಿತಿ. ಆ ಪದ್ಧತಿಗೆ ಬೇಕಾದದ್ದು ಬೇರೆ: ನಿಮ್ಮ ಸ್ವಂತ ಚೆಂಡಿನಿಂದ ಪ್ರತಿ ಹೋಲ್‌ಗೆ ಎಷ್ಟು ಹೊಡೆತ ಆಯಿತು, ಅದೂ ಒಂದು ಮಿತಿಯೊಳಗೆ. ಮನೆಯಲ್ಲಿ ಮಿಕ್ಸಿ ಓಡಿತೋ ಫ್ಯಾನ್ ತಿರುಗಿತೋ ಬೆಸ್ಕಾಂ ಮೀಟರಿಗೆ ಗೊತ್ತಾಗುವುದಿಲ್ಲ, ಅದು ಯೂನಿಟ್ ಮಾತ್ರ ಎಣಿಸುತ್ತದೆ. ಇದೂ ಹಾಗೆಯೇ. ಆದರೂ ಫಾರ್ಮ್ಯಾಟ್ ಹಿಂಬಾಗಿಲಿನಿಂದ ಬಂದು ಹ್ಯಾಂಡಿಕ್ಯಾಪನ್ನು ಅಲುಗಾಡಿಸುತ್ತದೆ. ಕೆಲವು ಆಟಗಳಲ್ಲಿ ಹೋಲ್ ಮುಗಿಸದೆ ಚೆಂಡೆತ್ತಿಕೊಳ್ಳುತ್ತೇವೆ, ಹಾಗೆ ಎತ್ತಿದ ಹೋಲ್‌ಗೆ ಬಾಯಿಗೆ ಬಂದ ಸಂಖ್ಯೆ ಬರೆಯುತ್ತೇವೆ, ಇನ್ನು ಕೆಲವು ಆಟಗಳ ಕಾರ್ಡ್ ಸ್ವೀಕಾರವೇ ಆಗುವುದಿಲ್ಲ. ಈ ಲೆಕ್ಕವನ್ನು ಮೊದಲ ಟೀಯಿಂದಲೇ (ಹೋಲ್ ಶುರುವಾಗುವ ಜಾಗ) ಶುರುಮಾಡಬೇಕು.

ಹಂತ 1: ಎರಡು ಹ್ಯಾಂಡಿಕ್ಯಾಪ್‌ಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ

ಗಾಲ್ಫ್ ನಿಯಮ ರೂಪಿಸುವ ಸಂಸ್ಥೆಗಳಾದ ಆರ್ ಆಂಡ್ ಎ ಮತ್ತು ಯುಎಸ್‌ಜಿಎ ಸೇರಿ ಜಗತ್ತಿನ ಆರು ಬೇರೆ ಬೇರೆ ಪದ್ಧತಿಗಳನ್ನು ಒಂದಾಗಿಸಿ 2020ರಲ್ಲಿ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಜಾರಿಗೆ ತಂದವು. ನಿಮ್ಮ ಕೊನೆಯ 20 ಕಾರ್ಡುಗಳಲ್ಲಿ ಅತ್ಯುತ್ತಮವಾದ 8ರ ಡಿಫರೆನ್ಷಿಯಲ್‌ಗಳ (ಕೋರ್ಸಿನ ಕಷ್ಟಕ್ಕೆ ಹೊಂದಿಸಿದ ಸ್ಕೋರ್, ಲೆಕ್ಕ ಹಂತ 3ರಲ್ಲಿದೆ) ಸರಾಸರಿಯೇ ಹ್ಯಾಂಡಿಕ್ಯಾಪ್ ಇಂಡೆಕ್ಸ್. ಗರಿಷ್ಠ 54.0.

ಇಂಡೆಕ್ಸ್ ಹಿಡಿದುಕೊಂಡು ನೇರವಾಗಿ ಆಡುವಂತಿಲ್ಲ. ಸ್ಯಾಂಕಿ ರಸ್ತೆಯಲ್ಲಿರುವ, 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಕೋರ್ಸೇ ಬೇರೆ, ಚಲ್ಲಘಟ್ಟದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ದೇ ಬೇರೆ, ಬಿಡದಿ ಕಡೆಯ ಈಗಲ್‌ಟನ್‌ದೇ ಬೇರೆ. ಅದಕ್ಕಾಗಿ ಪ್ರತಿ ಕೋರ್ಸಿನ ಪ್ರತಿ ಟೀಗೂ ಕೋರ್ಸ್ ರೇಟಿಂಗ್ (ನುರಿತ ಆಟಗಾರನಿಗೆ ಬೇಕಾಗುವ ಹೊಡೆತಗಳ ಅಂದಾಜು) ಮತ್ತು ಸ್ಲೋಪ್ ರೇಟಿಂಗ್ (ಸಾಮಾನ್ಯ ಆಟಗಾರನಿಗೆ ಅದು ಇನ್ನೆಷ್ಟು ಕಷ್ಟ ಎಂಬ ಅಳತೆ) ಇರುತ್ತವೆ. ಸ್ಲೋಪ್ 55ರಿಂದ 155ರವರೆಗೆ ಇರಬಹುದು, 113 ಅದರ ಸಾಮಾನ್ಯ ಮಟ್ಟ. ಪಾರ್ ಎಂದರೆ ಹೋಲ್‌ಗೆ ಅಥವಾ ಇಡೀ ಕೋರ್ಸಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ. ಲೆಕ್ಕ ಹೀಗೆ:

ಕೋರ್ಸ್ ಹ್ಯಾಂಡಿಕ್ಯಾಪ್ = ಇಂಡೆಕ್ಸ್ × (ಸ್ಲೋಪ್ ÷ 113) + (ಕೋರ್ಸ್ ರೇಟಿಂಗ್ − ಪಾರ್)

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು, ಯಾವ ಕ್ಲಬ್ಬಿನವೂ ಅಲ್ಲ. ಇಂಡೆಕ್ಸ್ 18.4, ಸ್ಲೋಪ್ 128, ಕೋರ್ಸ್ ರೇಟಿಂಗ್ 71.2, ಪಾರ್ 72. 18.4 × 128 ÷ 113 ಅಂದರೆ 20.84. ಅದರಲ್ಲಿ 0.8 ಕಳೆದರೆ 20.04. ಕೋರ್ಸ್ ಹ್ಯಾಂಡಿಕ್ಯಾಪ್ 20.

ಬೆಂಗಳೂರಿನಲ್ಲಿ ಮಾತ್ರ ಕೇಳಿಬರುವ ವಾದವೊಂದಿದೆ: "ನಾವು ಮೂರು ಸಾವಿರ ಅಡಿ ಎತ್ತರದಲ್ಲಿದ್ದೇವೆ, ಚೆಂಡು ದೂರ ಹೋಗುತ್ತೆ, ಹಾಗಾಗಿ ನಮ್ಮ ಇಂಡೆಕ್ಸ್ ಚೆನ್ನೈಯಲ್ಲಿ ನಿಲ್ಲಲ್ಲ." ಚೆಂಡು ಸ್ವಲ್ಪ ಹೆಚ್ಚು ಹಾರುವುದು ನಿಜ. ಆದರೆ ಎರಡು ಸಾವಿರ ಅಡಿಗೂ ಮೇಲಿರುವ ಕೋರ್ಸುಗಳಿಗೆ ರೇಟಿಂಗ್ ಕೊಡುವಾಗಲೇ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ನೀವು ಇನ್ನೊಮ್ಮೆ ಕೂಡಿಸಿ ಕಳೆಯಬೇಕಿಲ್ಲ.

ಹಂತ 2: ಅಂದಿನ ಫಾರ್ಮ್ಯಾಟಿಗೆ ಪ್ಲೇಯಿಂಗ್ ಹ್ಯಾಂಡಿಕ್ಯಾಪ್

ಕೋರ್ಸ್ ಹ್ಯಾಂಡಿಕ್ಯಾಪಿನಲ್ಲಿ ಎಷ್ಟು ಪಾಲು ಆ ದಿನದ ಸ್ಪರ್ಧೆಗೆ ಸಿಗುತ್ತದೆ ಎಂಬುದು ಫಾರ್ಮ್ಯಾಟಿನ ಮೇಲೆ ನಿಂತಿದೆ. ಶಿಫಾರಸಾದ ಪಾಲುಗಳು ಇವು (ಆಟಗಳ ವಿವರ ಹಂತ 4ರಲ್ಲಿ):

- ಮೆಡಲ್ (ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ), ಸ್ಟೇಬಲ್‌ಫೋರ್ಡ್, ಪಾರ್-ಬೋಗಿ, ಮ್ಯಾಕ್ಸಿಮಮ್ ಸ್ಕೋರ್: ಶೇ. 95
- ಒಬ್ಬರ ವಿರುದ್ಧ ಒಬ್ಬರ ಮ್ಯಾಚ್ ಪ್ಲೇ: ಶೇ. 100
- ಫೋರ್‌ಬಾಲ್ ಸ್ಟ್ರೋಕ್ ಪ್ಲೇ: ಶೇ. 85, ಫೋರ್‌ಬಾಲ್ ಮ್ಯಾಚ್ ಪ್ಲೇ: ಶೇ. 90
- ಫೋರ್‌ಸಮ್ಸ್: ಜೋಡಿಯ ಒಟ್ಟು ಹ್ಯಾಂಡಿಕ್ಯಾಪಿನ ಶೇ. 50
- ನಾಲ್ವರ ಸ್ಕ್ರ್ಯಾಂಬಲ್: ಕಡಿಮೆ ಹ್ಯಾಂಡಿಕ್ಯಾಪಿನವರಿಂದ ಶುರುವಾಗಿ ಕ್ರಮವಾಗಿ ಶೇ. 25, 20, 15, 10

ಮೂವತ್ತಕ್ಕಿಂತ ಕಡಿಮೆ ಜನ ಆಡುವ ಒಂಟಿ ಸ್ಪರ್ಧೆಗೆ ಪೂರ್ತಿ ಶೇ. 100 ಕೊಡಬಹುದೆಂದು 2024ರ ತಿದ್ದುಪಡಿ ಹೇಳುತ್ತದೆ. ನೋಟಿಸ್ ಬೋರ್ಡಿನಲ್ಲಿ ಏನು ಹಾಕಿದ್ದಾರೆ ನೋಡಿಕೊಳ್ಳಿ.

ನಮ್ಮ ಆಟಗಾರನಿಗೆ ಮೆಡಲ್‌ನಲ್ಲಿ 20.04ರ ಶೇ. 95, ಅಂದರೆ 19. ಫೋರ್‌ಬಾಲ್ ಸ್ಟ್ರೋಕ್ ಪ್ಲೇಯಲ್ಲಿ 17. ಪಾಲು ತೆಗೆಯುವುದು 20.04ರ ಮೇಲೆ, ದುಂಡಗೆ ಮಾಡಿದ 20ರ ಮೇಲಲ್ಲ. ಬಹುಪಾಲು ಸಲ ಉತ್ತರ ಒಂದೇ ಬರುತ್ತದೆ, ಅಪರೂಪಕ್ಕೆ ಒಂದು ಸ್ಟ್ರೋಕ್ ತಪ್ಪಿಹೋಗುತ್ತದೆ.

ಈ 19, 17 ಎಲ್ಲ ಆ ದಿನದ ಬಹುಮಾನಕ್ಕೆ ಮಾತ್ರ. ನಿಮ್ಮ ಇಂಡೆಕ್ಸಿನ ಲೆಕ್ಕ ನಡೆಯುವುದು ಯಾವಾಗಲೂ ಪೂರ್ತಿ ಕೋರ್ಸ್ ಹ್ಯಾಂಡಿಕ್ಯಾಪ್ ಮೇಲೆ, ಇಲ್ಲಿ 20ರ ಮೇಲೆ. ಹ್ಯಾಂಡಿಕ್ಯಾಪ್ ಕಮಿಟಿಯ ಮೇಜಿಗೆ ಬರುವ ಜಗಳಗಳಲ್ಲಿ ಅರ್ಧಕ್ಕರ್ಧ ಈ ಎರಡು ಸಂಖ್ಯೆ ಕಲಸಿಹೋದದ್ದರಿಂದ ಹುಟ್ಟಿದವು ಅಂತಲೇ ನನ್ನ ಅನಿಸಿಕೆ.

ಹಂತ 3: ನೆಟ್ ಡಬಲ್ ಬೋಗಿ ಎಂಬ ಬೇಲಿ

ಒಂದು ಹೋಲ್‌ನಲ್ಲಿ ನೀವು ಎಷ್ಟೇ ಹೊಡೆದರೂ ಹ್ಯಾಂಡಿಕ್ಯಾಪಿಗೆ ಹೋಗುವ ಗರಿಷ್ಠ ಸಂಖ್ಯೆ: ಪಾರ್ + 2 + ಆ ಹೋಲ್‌ನಲ್ಲಿ ನಿಮಗೆ ರಿಯಾಯಿತಿಯಾಗಿ ಸಿಗುವ ಸ್ಟ್ರೋಕ್. ಆ ರಿಯಾಯಿತಿ ಕಳೆದದ್ದು ನೆಟ್; ಪಾರ್‌ಗಿಂತ ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಇನ್ನೂ ಇಂಡೆಕ್ಸ್ ಬಾರದವರಿಗೆ ಪಾರ್ + 5.

ಕೋರ್ಸ್ ಹ್ಯಾಂಡಿಕ್ಯಾಪ್ 20 ಇದ್ದವನಿಗೆ ಎಲ್ಲ ಹೋಲ್‌ಗಳಲ್ಲೂ ಒಂದೊಂದು, ಸ್ಟ್ರೋಕ್ ಇಂಡೆಕ್ಸ್ (ಈ ಸ್ಟ್ರೋಕ್ ಹಂಚಲು ಹೋಲ್‌ಗಳಿಗೆ ಕೊಟ್ಟ ಕ್ರಮಾಂಕ) 1 ಮತ್ತು 2ರಲ್ಲಿ ಎರಡೆರಡು ಸಿಗುತ್ತವೆ. ಸ್ಟ್ರೋಕ್ ಇಂಡೆಕ್ಸ್ 7 ಇರುವ ಪಾರ್ 4 ಹೋಲ್‌ನಲ್ಲಿ ಅವನು 10 ಹೊಡೆದ ಎನ್ನಿ. ಮಿತಿ 4 + 2 + 1 = 7. ಒಟ್ಟು 98 ಹೊಡೆದಿದ್ದರೆ ಹ್ಯಾಂಡಿಕ್ಯಾಪಿಗೆ ಹೋಗುವುದು 95. ಈಗ ಡಿಫರೆನ್ಷಿಯಲ್ ಲೆಕ್ಕ:

(113 ÷ ಸ್ಲೋಪ್) × (ಸರಿಪಡಿಸಿದ ಸ್ಕೋರ್ − ಕೋರ್ಸ್ ರೇಟಿಂಗ್ − ಆ ದಿನದ ಪರಿಸ್ಥಿತಿಯ ಹೊಂದಾಣಿಕೆ)

ಹೊಂದಾಣಿಕೆ ಸೊನ್ನೆ ಎಂದಿಟ್ಟುಕೊಂಡರೆ 113 ÷ 128 × 23.8, ಅಂದರೆ 21.0. ಬೇಲಿ ಇಲ್ಲದೆ 98 ಹೋಗಿದ್ದರೆ 23.7 ಆಗುತ್ತಿತ್ತು. ಏಳನೇ ಹೋಲಿನ ಹತ್ತರ ಬಗ್ಗೆ ಗೋಳಾಡಿದವರಿಗೆ ಉತ್ತರ ಇದು. ಆ ಹತ್ತು ಅವರ ಮೆಡಲನ್ನು ಕೊಂದಿತು, ಹ್ಯಾಂಡಿಕ್ಯಾಪನ್ನಲ್ಲ.

ಹಂತ 4: ಅದೇ ಸುತ್ತನ್ನು ಬೇರೆ ಬೇರೆ ಫಾರ್ಮ್ಯಾಟಿನಲ್ಲಿ ನೋಡಿ

*ಮೆಡಲ್.* 98ರಲ್ಲಿ 19 ಕಳೆದರೆ ನೆಟ್ 79. ಬಹುಮಾನದ ಆಸೆ ಬಿಡಿ. ಎಲ್ಲ ಹೋಲ್ ಮುಗಿಸಲೇಬೇಕಾದ್ದರಿಂದ ಕಾರ್ಡಿನಲ್ಲಿ ಊಹೆ ಇರುವುದಿಲ್ಲ. ಹ್ಯಾಂಡಿಕ್ಯಾಪಿಗೆ ಇದಕ್ಕಿಂತ ಶುದ್ಧವಾದ ಮಾಹಿತಿ ಇನ್ನೊಂದಿಲ್ಲ.

*ಸ್ಟೇಬಲ್‌ಫೋರ್ಡ್.* ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫೋರ್ಡ್ ರೂಪಿಸಿದ ಈ ಪದ್ಧತಿಯ ಮೊದಲ ಸ್ಪರ್ಧೆ ವಾಲಸಿ ಕ್ಲಬ್ಬಿನಲ್ಲಿ 1932ರ ಮೇ 16ರಂದು ನಡೆಯಿತು. ಒಂದೆರಡು ಹೋಲ್ ಕೆಟ್ಟ ಕೂಡಲೇ ಜನ ಕೈಚೆಲ್ಲಿ ಕೂರಬಾರದು ಎಂಬುದು ಅದರ ಉದ್ದೇಶ. ನೆಟ್ ಪಾರ್‌ಗೆ 2 ಪಾಯಿಂಟ್, ನೆಟ್ ಬೋಗಿಗೆ 1, ನೆಟ್ ಬರ್ಡಿಗೆ (ಪಾರ್‌ಗಿಂತ ಒಂದು ಕಡಿಮೆ) 3, ನೆಟ್ ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಸೊನ್ನೆ ಶುರುವಾಗುವುದೂ ಹ್ಯಾಂಡಿಕ್ಯಾಪ್ ಬೇಲಿ ನಿಂತಿರುವುದೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಹಾಗಾಗಿ ಇಲ್ಲಿ ಚೆಂಡೆತ್ತಿಕೊಂಡರೂ ಮಾಹಿತಿ ಅಷ್ಟಾಗಿ ಕೆಡುವುದಿಲ್ಲ. ನಮ್ಮ 98ರ ಸುತ್ತು ಇಲ್ಲಿ 32 ಪಾಯಿಂಟ್, ಕ್ಲಬ್ ಸ್ಪರ್ಧೆಯಲ್ಲಿ ತಲೆ ತಗ್ಗಿಸುವಂಥದ್ದೇನಲ್ಲ. ಡಿಫರೆನ್ಷಿಯಲ್ ಮಾತ್ರ ಅದೇ 21.0.

ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ. ಸ್ಟ್ರೋಕ್ ಇಂಡೆಕ್ಸ್ 2 ಇರುವ ಪಾರ್ 4 ಹೋಲ್‌ಗೆ ಬನ್ನಿ. ಸ್ಪರ್ಧೆಗೆ 19, ಅಂದರೆ ಇಲ್ಲಿ ಒಂದೇ ಸ್ಟ್ರೋಕ್. 7ಕ್ಕೆ ಸೊನ್ನೆ ಪಾಯಿಂಟ್. ಹ್ಯಾಂಡಿಕ್ಯಾಪಿಗೆ 20, ಅಂದರೆ ಎರಡು ಸ್ಟ್ರೋಕ್, ಮಿತಿ 8. ಆರು ಹೊಡೆದೂ ಚೆಂಡು ಗುಳಿಗೆ ಬೀಳದಿದ್ದಾಗ ಎತ್ತಿಕೊಂಡರೆ, ಮುಗಿಸಿದ್ದರೆ 7 ಆಗುತ್ತಿತ್ತೋ 8 ಆಗುತ್ತಿತ್ತೋ ಎಂಬುದು ಉಳಿಯುತ್ತದೆ. ನಾಲ್ಕಡಿಯ ಪಟ್ (ಚೆಂಡನ್ನು ಗುಳಿಗೆ ಉರುಳಿಸುವ ಹೊಡೆತ) ಬಾಕಿಯಿದ್ದರೆ 7 ಎಂದು ಬರೆಯುವುದೇ ನ್ಯಾಯ.

*ಪಾರ್-ಬೋಗಿ.* ಇದನ್ನು ಆಡುವವರು ಕಡಿಮೆ, ಆದರೆ ಹ್ಯಾಂಡಿಕ್ಯಾಪಿಗೆ ಹೆಚ್ಚು ಏಟು ಬೀಳುವುದು ಇಲ್ಲೇ. ನೆಟ್ ಪಾರ್‌ಗಿಂತ ಚೆನ್ನಾಗಿ ಆಡಿದರೆ ಪ್ಲಸ್, ಸಮವಾದರೆ ಸೊನ್ನೆ, ಕೆಟ್ಟದಾದರೆ ಮೈನಸ್. ಮೈನಸ್ ಖಚಿತವಾದ ಕ್ಷಣ ಎಲ್ಲರೂ ಚೆಂಡು ಎತ್ತಿಕೊಳ್ಳುತ್ತಾರೆ. ಸ್ಟ್ರೋಕ್ ಇಂಡೆಕ್ಸ್ 7ರ ಆ ಪಾರ್ 4ರಲ್ಲಿ ನಮ್ಮವನ ನೆಟ್ ಪಾರ್ 5. ಐದು ಹೊಡೆತ ಮುಗಿದು ಚೆಂಡು ಗುಳಿಯಿಂದ ಮೂರಡಿಯಲ್ಲಿದೆ. ಸ್ಟೇಬಲ್‌ಫೋರ್ಡ್ ಆಗಿದ್ದರೆ ಒಂದು ಪಾಯಿಂಟಿನ ಆಸೆಗೆ ಪಟ್ ಹಾಕುತ್ತಿದ್ದ. ಇಲ್ಲಿ ಎತ್ತಿಕೊಂಡ, ಕಾರ್ಡಿನಲ್ಲಿ ಸುಲಭಕ್ಕೆ 7 ಎಂದು ಗೀಚಿದ. ನಿಜವಾಗಿ ಅದು 6. ಇಂಥ ನಾಲ್ಕು ಹೋಲ್ ಸೇರಿದರೆ ಡಿಫರೆನ್ಷಿಯಲ್ 3.5ರಷ್ಟು ಉಬ್ಬುತ್ತದೆ. ಮೋಸದ ಉದ್ದೇಶ ಯಾರಿಗೂ ಇರಲಿಲ್ಲ, ಆದರೂ ಇಂಡೆಕ್ಸ್ ಸುಳ್ಳಾಯಿತು.

ನಿಯಮ ಹೇಳುವುದು ಹೀಗೆ: ಶುರುಮಾಡಿ ಮುಗಿಸದ ಹೋಲ್‌ಗೆ "ಬಹುಶಃ ಆಗುತ್ತಿದ್ದ ಸ್ಕೋರ್" ಬರೆಯಬೇಕು, ಅದು ನೆಟ್ ಡಬಲ್ ಬೋಗಿಯನ್ನು ದಾಟಬಾರದು. ಗುಳಿಯ ಸುತ್ತಲಿನ ಗ್ರೀನ್ ಮೇಲೆ ಐದು ಅಡಿಯೊಳಗೆ ಇದ್ದರೆ ಒಂದು ಸೇರಿಸಿ. ಐದು ಅಡಿಯಿಂದ ಇಪ್ಪತ್ತು ಗಜದವರೆಗೆ ಎರಡು ಅಥವಾ ಮೂರು. ಅದಕ್ಕೂ ದೂರದಲ್ಲಿದ್ದರೆ ಮೂರು ಅಥವಾ ನಾಲ್ಕು. ಈ ಮೂರು ಅಳತೆ ಬಾಯಿಪಾಠ ಮಾಡಿಕೊಳ್ಳಿ. ಮ್ಯಾಚ್ ಪ್ಲೇಗೂ ಇವೇ ಬೇಕು.

*ಮ್ಯಾಕ್ಸಿಮಮ್ ಸ್ಕೋರ್.* 2019ರ ನಿಯಮ ಪುಸ್ತಕದಲ್ಲಿ ಬಂದದ್ದು. ಕಮಿಟಿ ಹೋಲ್‌ಗೊಂದು ಮಿತಿ ಹಾಕುತ್ತದೆ, ಉದಾಹರಣೆಗೆ ಪಾರ್‌ನ ಎರಡರಷ್ಟು. ಆಗ ನಮ್ಮವನ ಹತ್ತು 8 ಆಗಿ, ಸ್ಪರ್ಧೆಗೆ ಒಟ್ಟು 96. ಹ್ಯಾಂಡಿಕ್ಯಾಪಿಗೆ ಅದೇ 95. ಹೊಸಬರು ಹೆಚ್ಚಿರುವ ಸ್ಪರ್ಧೆಗೆ ನನ್ನನ್ನು ಕೇಳಿದರೆ ಇದೇ ಸರಿ, ಆಟವೂ ಬೇಗ ಸಾಗುತ್ತದೆ.

*ಮ್ಯಾಚ್ ಪ್ಲೇ.* ಇಲ್ಲಿ ಎಣಿಸುವುದು ಯಾರು ಎಷ್ಟು ಹೋಲ್ ಗೆದ್ದರು ಎಂಬುದನ್ನು. ಇದರ ಕಾರ್ಡ್ ಹ್ಯಾಂಡಿಕ್ಯಾಪಿಗೆ ಹೋಗುತ್ತದೆಯೇ ಎಂಬುದನ್ನು ಆಯಾ ದೇಶದ ಗಾಲ್ಫ್ ಸಂಸ್ಥೆ ನಿರ್ಧರಿಸುತ್ತದೆ, ನಮ್ಮಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್. ಆಡುವ ಮೊದಲು ಕ್ಲಬ್ಬಿನ ಹ್ಯಾಂಡಿಕ್ಯಾಪ್ ಕಮಿಟಿಯನ್ನು ಕೇಳಿಕೊಳ್ಳಿ. ಹೋಗುವುದಾದರೆ ಎಚ್ಚರ ಬೇಕಾದದ್ದು ಸ್ಟ್ರೋಕ್ ಎಣಿಕೆಯಲ್ಲಿ. ನಿಮ್ಮ ಕೋರ್ಸ್ ಹ್ಯಾಂಡಿಕ್ಯಾಪ್ 20, ಎದುರಾಳಿಯದು 12. ಮ್ಯಾಚಿನಲ್ಲಿ ನಿಮಗೆ ಸಿಗುವುದು ವ್ಯತ್ಯಾಸದ 8 ಮಾತ್ರ, ಅದೂ ಸ್ಟ್ರೋಕ್ ಇಂಡೆಕ್ಸ್ 1ರಿಂದ 8ರವರೆಗಿನ ಹೋಲ್‌ಗಳಲ್ಲಿ. ಸ್ಟ್ರೋಕ್ ಇಂಡೆಕ್ಸ್ 12ರ ಪಾರ್ 4ರಲ್ಲಿ ಮ್ಯಾಚಿಗೆ ಏನೂ ಇಲ್ಲ ಎಂದುಕೊಂಡು ಮಿತಿಯನ್ನು 6 ಎಂದು ಬರೆಯುವವರಿದ್ದಾರೆ. ಹ್ಯಾಂಡಿಕ್ಯಾಪಿಗೆ ಆ ಹೋಲ್‌ನಲ್ಲಿ ಒಂದು ಸ್ಟ್ರೋಕ್ ಇದ್ದೇ ಇದೆ, ಮಿತಿ 7. ಎದುರಾಳಿ "ತಗೊಳ್ಳಿ ಸಾರ್" ಎಂದು ಬಿಟ್ಟುಕೊಟ್ಟ ಪಟ್‌ಗೆ ಒಂದು ಹೊಡೆತ ಸೇರಿಸಿ. ಎಂಟಡಿಯ ಪಟ್ ಬಿಟ್ಟುಕೊಡುವ ಧಾರಾಳಿಗಳೂ ಇರುತ್ತಾರೆ. ಅಲ್ಲಿ ಸೇರಿಸಬೇಕಾದದ್ದು ಎರಡು.

ಮ್ಯಾಚ್ 4 ಮತ್ತು 3ರಲ್ಲಿ, ಅಂದರೆ ಮೂರು ಹೋಲ್ ಬಾಕಿಯಿರುವಾಗ ನಾಲ್ಕರ ಮುನ್ನಡೆಯಲ್ಲಿ, ಮುಗಿದರೆ ಆಡಿದ್ದು 15 ಹೋಲ್. 2024ರಿಂದ ಕನಿಷ್ಠ 10 ಹೋಲ್ ಆಡಿದ್ದರೆ 18 ಹೋಲಿನ ಸ್ಕೋರಾಗಿ ಸ್ವೀಕಾರವಾಗುತ್ತದೆ, ಉಳಿದದ್ದನ್ನು ನಿಮ್ಮ ಇಂಡೆಕ್ಸ್ ನೋಡಿ ನಿರೀಕ್ಷಿತ ಸ್ಕೋರಿನಿಂದ ತುಂಬಲಾಗುತ್ತದೆ. ಉಳಿದ ಮೂರು ಹೋಲನ್ನು ಆಡಿಯೇ ಮುಗಿಸುವುದು ಒಳ್ಳೆಯದು, ಹೇಗೂ ಕಾರು ಅದೇ ದಾರಿಯಲ್ಲಿ ನಿಂತಿರುತ್ತದೆ.

*ಫೋರ್‌ಬಾಲ್.* ಇಲ್ಲಿ ನಾಲ್ವರೂ ತಮ್ಮ ತಮ್ಮ ಚೆಂಡೇ ಆಡುತ್ತಾರೆ, ಆದರೆ ಜೋಡಿಯ ಉತ್ತಮ ಸ್ಕೋರ್ ಮಾತ್ರ ಎಣಿಕೆಗೆ. ಜೊತೆಗಾರ ಪಾರ್ ಹಾಕಿದ ಮೇಲೆ ನೀವು ಪಟ್ ಹಾಕಲು ಕಾರಣವೇ ಇಲ್ಲ. ಅದಕ್ಕೇ ಇದರ ಕಾರ್ಡ್ ಅನುಮಾನದ್ದು. ಇಂಗ್ಲೆಂಡಿನಲ್ಲಿ ಜೋಡಿ ತುಂಬ ಚೆನ್ನಾಗಿ ಆಡಿ, ಅದರಲ್ಲಿ ನಿಮ್ಮ ಸ್ವಂತ ಸ್ಕೋರ್ ಕನಿಷ್ಠ ಒಂಬತ್ತು ಹೋಲ್‌ಗಳಲ್ಲಿ ಎಣಿಕೆಗೆ ಬಂದಿದ್ದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಅಷ್ಟು ಬಿಗಿಯಿಲ್ಲ. ಇಲ್ಲಿಯೂ ಕಮಿಟಿಯ ಮಾತೇ ಅಂತಿಮ.

*ಫೋರ್‌ಸಮ್ಸ್, ಸ್ಕ್ರ್ಯಾಂಬಲ್.* ಇವುಗಳ ಕಾರ್ಡ್ ಹ್ಯಾಂಡಿಕ್ಯಾಪಿಗೆ ಹೋಗುವುದಿಲ್ಲ. ಒಂದು ಚೆಂಡನ್ನು ಇಬ್ಬರು ಆಡಿದ ಮೇಲೆ, ಅಥವಾ ನಾಲ್ವರಲ್ಲಿ ಉತ್ತಮವಾದದ್ದನ್ನು ಆರಿಸಿಕೊಂಡ ಮೇಲೆ, ತಂಡ ಹೊಡೆದ 61ರಲ್ಲಿ ನಿಮ್ಮದೆಷ್ಟು ಎಂದು ಹೇಳುವವರಾರು?

ಹಂತ 5: ಕಾರ್ಡ್ ಹಾಕಿದ ಮೇಲೆ ಇಂಡೆಕ್ಸ್ ಏಕೆ ಹಾಗೆ ನಡೆದುಕೊಂಡಿತು?

21.0 ಬಂದ ದಿನ ನಮ್ಮವನ ಇಂಡೆಕ್ಸ್ 18.4ರಿಂದ 18.9ಕ್ಕೆ ಏರಿತು ಎನ್ನಿ. ಅವನು ದೂರುವುದು ಆ ದಿನದ ಆಟವನ್ನು. ಕಾರಣ ಬಹುಶಃ ಬೇರೆಯೇ. 21.0 ಅವನ ಅತ್ಯುತ್ತಮ ಎಂಟರೊಳಗೆ ಬರಲೇ ಇಲ್ಲ. ಅದು ಬಂದ ಕಾರಣಕ್ಕೆ ಇಪ್ಪತ್ತರ ಬಾಲದಿಂದ ಹಳೆಯ ಕಾರ್ಡೊಂದು ಉದುರಿತು, ಅದು 16.2ರ ಒಳ್ಳೆಯ ಕಾರ್ಡ್. ಅದರ ಜಾಗಕ್ಕೆ ಒಂಬತ್ತನೆಯದಾಗಿ ಕಾಯುತ್ತಿದ್ದ 20.2 ಬಂತು. ನಾಲ್ಕರ ವ್ಯತ್ಯಾಸ ಭಾಗಿಸು ಎಂಟು, 0.5. ಕಾರ್ಡ್ ಹಾಕುವ ಮೊದಲು ಇಪ್ಪತ್ತನೆಯ ಸಾಲಿನಲ್ಲಿ ಏನು ಕೂತಿದೆ ಎಂದು ನೋಡುವ ಅಭ್ಯಾಸ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಹೊಸಬರ ಲೆಕ್ಕ ಬೇರೆ. 54 ಹೋಲ್ ಆದ ಮೇಲೆ ಮೊದಲ ಇಂಡೆಕ್ಸ್ ಸಿಗುತ್ತದೆ: ಮೂರು ಕಾರ್ಡಿದ್ದರೆ ಅತಿ ಕಡಿಮೆಯದರಿಂದ 2.0 ಕಳೆದು. ಕಾರ್ಡುಗಳು ಹೆಚ್ಚಿದಂತೆ ಎಣಿಕೆಗೆ ಬರುವವೂ ಹೆಚ್ಚುತ್ತವೆ. ಹೀಗಾಗಿ ಮೊದಲ ತಿಂಗಳುಗಳಲ್ಲಿ ಇಂಡೆಕ್ಸ್ ಕುಣಿಯುವುದು ಸಹಜ. ಈ ಹಂತದಲ್ಲಿರುವವರು ಫೋರ್‌ಬಾಲ್, ಸ್ಕ್ರ್ಯಾಂಬಲ್‌ಗಳಲ್ಲೇ ವಾರಾಂತ್ಯ ಕಳೆಯದೆ ಮೆಡಲ್ ಅಥವಾ ಸ್ಟೇಬಲ್‌ಫೋರ್ಡ್ ಕಾರ್ಡುಗಳನ್ನು ಕೂಡಿಹಾಕಿಕೊಳ್ಳಬೇಕು.

ಅಸಾಮಾನ್ಯ ಆಟಕ್ಕೆ ಬೇರೆ ಕತ್ತರಿಯಿದೆ. ಡಿಫರೆನ್ಷಿಯಲ್ ನಿಮ್ಮ ಇಂಡೆಕ್ಸಿಗಿಂತ 7.0ರಿಂದ 9.9ರಷ್ಟು ಕೆಳಗೆ ಬಂದರೆ ಹೆಚ್ಚುವರಿ 1.0 ಕಡಿತ, 10.0 ಅಥವಾ ಅದಕ್ಕೂ ಮೀರಿದರೆ 2.0. ನಮ್ಮವನು ಇದೇ ಕೋರ್ಸಿನಲ್ಲಿ 84 ಹೊಡೆದರೆ 11.3 ಬರುತ್ತದೆ, ಅಂದರೆ 7.1 ಕೆಳಗೆ. ಸ್ಟೇಬಲ್‌ಫೋರ್ಡ್ ಭಾಷೆಯಲ್ಲಿ ಅದು 43 ಪಾಯಿಂಟ್. "ನಲವತ್ತು ದಾಟಿದ್ರಂತೆ, ಕಟ್ ಗ್ಯಾರಂಟಿ" ಎಂದು ಗೆಳೆಯರು ಕಾಲೆಳೆಯುತ್ತಾರಲ್ಲ, ಅದಕ್ಕೆ ಆಧಾರ ಇಲ್ಲದಿಲ್ಲ. ಆದರೆ ಕತ್ತರಿ ಬೀಳುವುದು ಪಾಯಿಂಟ್ ನೋಡಿ ಅಲ್ಲ, ಡಿಫರೆನ್ಷಿಯಲ್ ನೋಡಿ.

ಮೇಲೇರುವುದಕ್ಕೂ ಕಡಿವಾಣವಿದೆ. ಕಳೆದ 365 ದಿನಗಳಲ್ಲಿ ನಿಮ್ಮ ಅತಿ ಕಡಿಮೆ ಇಂಡೆಕ್ಸಿಗಿಂತ 3.0 ಮೇಲೆ ಹೋದರೆ ಅಲ್ಲಿಂದಾಚೆಗಿನ ಏರಿಕೆ ಅರ್ಧಕ್ಕಿಳಿಯುತ್ತದೆ, 5.0ಕ್ಕೆ ಪೂರ್ತಿ ನಿಲ್ಲುತ್ತದೆ. ಕ್ಲಬ್ ಚಾಂಪಿಯನ್‌ಶಿಪ್ ಹತ್ತಿರ ಬಂದಾಗ ಬೇಕೆಂದೇ ಕೆಟ್ಟದಾಗಿ ಆಡುವವರ ಆಟ ಇದರಿಂದ ಹೆಚ್ಚು ದೂರ ಸಾಗುವುದಿಲ್ಲ.

ಹಂತ 6: ಮಳೆ, ಒಂಬತ್ತು ಹೋಲ್, ಕಂಪನಿ ಔಟಿಂಗ್

ಕಾರ್ಡನ್ನು ಅದೇ ದಿನ ಹಾಕಿ. ಆ ದಿನ ಆ ಕೋರ್ಸಿನಲ್ಲಿ ಕನಿಷ್ಠ ಎಂಟು ಮಂದಿಯ ಸ್ಕೋರ್ ಬಂದಿದ್ದರೆ, ಎಲ್ಲರೂ ನಿರೀಕ್ಷೆಗಿಂತ ಎಷ್ಟು ಕೆಟ್ಟದಾಗಿ ಅಥವಾ ಚೆನ್ನಾಗಿ ಆಡಿದರು ಎಂದು ನೋಡಿ −1ರಿಂದ +3ರವರೆಗೆ ಹೊಂದಾಣಿಕೆ ಸಿಗಬಹುದು. ನಾಳೆ ಹಾಕಿದರಾಯಿತು ಎನ್ನುವವರ ಸ್ಕೋರ್ ಗುಂಪಿನ ಈ ಲೆಕ್ಕದಲ್ಲಿ ಸೇರುವುದಿಲ್ಲ. ಮಳೆಗಾಲದಲ್ಲಿ ಕಮಿಟಿ ಪ್ರಿಫರ್ಡ್ ಲೈ (ಚೆಂಡನ್ನು ಒಳ್ಳೆಯ ಜಾಗಕ್ಕೆ ಸರಿಸಿಡುವ ಅನುಮತಿ) ಜಾರಿಮಾಡಿದ್ದರೂ ಕಾರ್ಡ್ ಮಾನ್ಯವೇ. ಮೇ ತಿಂಗಳ ಸಂಜೆ ಗುಡುಗು ಬಂದು ಹದಿಮೂರನೇ ಹೋಲ್‌ನಲ್ಲಿ ಆಟ ನಿಂತರೂ ಮೇಲೆ ಹೇಳಿದ ಹತ್ತು ಹೋಲಿನ ನಿಯಮ ಕೈಹಿಡಿಯುತ್ತದೆ.

ಆಫೀಸಿಗೆ ಹೋಗುವ ಮೊದಲು ಒಂಬತ್ತು ಹೋಲ್ ಮುಗಿಸುವವರಿಗೆ 2024ರ ಬದಲಾವಣೆ ದೊಡ್ಡ ಉಪಕಾರ ಮಾಡಿದೆ. ಮೊದಲು ಇನ್ನೊಂದು ಒಂಬತ್ತು ಹೋಲಿನ ಕಾರ್ಡ್ ಬರುವವರೆಗೆ ಅದು ಕಾಯುತ್ತಿತ್ತು. ಈಗ ನಿರೀಕ್ಷಿತ ಸ್ಕೋರ್ ಜೊತೆಗೂಡಿ ಕೂಡಲೇ 18 ಹೋಲಿನ ಡಿಫರೆನ್ಷಿಯಲ್ ಆಗುತ್ತದೆ. ಜೊತೆಗೆ ಇನ್ನೊಬ್ಬರು ಇರಲೇಬೇಕು. ಒಬ್ಬರೇ ಆಡಿದ್ದು, ಎರಡನೇ ಚೆಂಡು ಹೊಡೆದು ಚೆನ್ನಾದದ್ದನ್ನು ಬರೆದುಕೊಂಡದ್ದು, ಮಲ್ಲಿಗನ್ (ಕೆಟ್ಟ ಹೊಡೆತವನ್ನು ಲೆಕ್ಕಕ್ಕಿಡದೆ ಮತ್ತೆ ಹೊಡೆಯುವುದು) ತೆಗೆದುಕೊಂಡದ್ದು, ಇವು ಯಾವುವೂ ಕಾರ್ಡಲ್ಲ.

ಇನ್ನು ಕಂಪನಿ ಔಟಿಂಗ್‌ಗಳು. ಹ್ಯಾಂಡಿಕ್ಯಾಪ್ ಇಲ್ಲದವರಿಗೂ ಬಹುಮಾನ ಕೊಡಲು ಅಲ್ಲಿ ಸಿಸ್ಟಮ್ 36 ಬಳಸುವುದುಂಟು: ಪಾರ್ ಅಥವಾ ಉತ್ತಮಕ್ಕೆ 2, ಬೋಗಿಗೆ 1, ಉಳಿದದ್ದಕ್ಕೆ ಸೊನ್ನೆ, 36ರಲ್ಲಿ ಆ ಮೊತ್ತ ಕಳೆದರೆ ಬರುವುದೇ ಆ ದಿನದ ಹ್ಯಾಂಡಿಕ್ಯಾಪ್. ನೋಡಲು ಸ್ಟೇಬಲ್‌ಫೋರ್ಡ್‌ನಂತೆ ಕಂಡರೂ ಇಲ್ಲಿ ಎಣಿಸುವುದು ಗ್ರಾಸ್ (ರಿಯಾಯಿತಿ ಕಳೆಯದ) ಸ್ಕೋರ್, ನೆಟ್ ಅಲ್ಲ. ಆ ಸಂಖ್ಯೆಗೂ ನಿಮ್ಮ ಇಂಡೆಕ್ಸಿಗೂ ಸಂಬಂಧವಿಲ್ಲ. ಆದರೆ ಸ್ವಂತ ಚೆಂಡು ಆಡಿ, ನಿಯಮ ಪಾಲಿಸಿ, ಮಾರ್ಕರ್ (ನಿಮ್ಮ ಸ್ಕೋರ್ ಬರೆದುಕೊಳ್ಳುವ ಜೊತೆಯಾಟಗಾರ) ಸಹಿ ಹಾಕಿಸಿಕೊಂಡಿದ್ದರೆ ಅದರ ಹೋಲ್‌ವಾರು ಸ್ಕೋರನ್ನು ಬಿಸಾಡಬೇಡಿ. ಕ್ಯಾಡಿಗೆ ದುಡ್ಡು ಕೊಡುವಾಗಲೇ ಕಾರ್ಡಿನ ಫೋಟೋ ತೆಗೆದಿಟ್ಟುಕೊಂಡು, ಅದನ್ನು ಸಾಮಾನ್ಯ ಆಟದ ಸ್ಕೋರಾಗಿ ತೆಗೆದುಕೊಳ್ಳುತ್ತಾರೆಯೇ, ಮೊದಲೇ ಹೆಸರು ನೋಂದಾಯಿಸಿರಬೇಕಿತ್ತೇ ಎಂದು ನಿಮ್ಮ ಕ್ಲಬ್ಬಿನಲ್ಲಿ ವಿಚಾರಿಸಿ.